ಹಾಲಕ್ಕಿಯ ಮುಖದರ್ಶನ

ಚಿಕ್ಕೋಡಿ, ರಾಯಬಾಗಗಳ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಬುಡಬುಡಕಿಯವನ ಪರಿಚಯವನ್ನು ಮಾಡಿಕೊಡಬೇಕಾದ ಕಾರಣವಿಲ್ಲ. ಈಗ ಅವನ ಬರವು ವಿರಳವಾಗಿದ್ದರೂ, ನಸುಕು ಹರಿಯುವ ಮೊದಲೇ ಬಾಗಿಲಲ್ಲಿ ನಿಂತು, ಬುಡಬುಡಕಿಯನ್ನು ನುಡಿಸುತ್ತ, ಹಾಲಕ್ಕಿ ಹೇಳಿತೆಂದು ಮನೆಯವರಿಗೆ ಶುಭವನ್ನು ಸಾರುವ ಅವನ ದನಿಯನ್ನು ಮರೆತವರು ಕಡಿಮೆ. ಮನೆಯಾಕೆಯು ಮೊರದಲ್ಲಿ ಜೋಳವನ್ನು ತಂದು ಅವನ ಜೋಳಿಗೆಗೆ ನೀಡುವಳು. ನಿಪ್ಪಾಣಿಯ ಸುತ್ತಿನ ಮರಾಠಿ ಮನೆಗಳಲ್ಲಿ ಹೀಗೆ ನಸುಕಿನಲ್ಲಿ ಬಂದು ಶಕುನ ನುಡಿಯುವವನಿಗೆ ಪಿಂಗಳಾ ಎಂದು ಹೆಸರು. ಆ ಹೆಸರು ಹಕ್ಕಿಯದೂ ಹೌದು, ಅದರ ಮಾತನ್ನು ಬಲ್ಲೆನೆನ್ನುವ ಮನುಷ್ಯನದೂ ಹೌದು.

ಆದರೆ ಅದೇ ಮನೆಯ ಹಿತ್ತಲಿನ ಹುಣಸೆಯ ಮೇಲೆ ಸಂಜೆಯ ಹೊತ್ತಿಗೆ ಒಂದು ಸಣ್ಣ ಗೂಗೆಯು ಕುಳಿತು ಕಿರುಚಿತೆಂದರೆ, ಬೆಳಗ್ಗೆ ಜೋಳ ನೀಡಿದ ಕೈಯೇ ಕಲ್ಲನ್ನು ಹುಡುಕುವದು. ಗೂಗೆ ಕೂಗಿತು, ಇನ್ನೇನು ಕೇಡು ಕಾದಿದೆಯೋ ಎಂದು ಹಿರಿಯರು ನಿಟ್ಟುಸಿರು ಬಿಡುವರು. ಬೆಳಗಿನ ಹಾಲಕ್ಕಿಯೂ ಸಂಜೆಯ ಗೂಗೆಯೂ ಒಂದೇ ಹಕ್ಕಿಯೆಂಬದನ್ನು ಬಲ್ಲವರು ಎಷ್ಟು ಜನ? ನಾವೂ ಬಹುಕಾಲ ಬಲ್ಲವರಾಗಿರಲಿಲ್ಲ. ಆ ಹಕ್ಕಿಯ ಛಾಯಾಚಿತ್ರವನ್ನು ತೆಗೆಯಹೋದಾಗ ನಮಗೆ ಅದು ತಿಳಿಯಿತು. ಆ ಸಂಗತಿಯನ್ನೇ ಇಲ್ಲಿ ವಾಚಕರ ಮುಂದಿಡುವೆವು.

ಹಾಲಕ್ಕಿಯು ಗಾತ್ರದಲ್ಲಿ ಗೊರವಂಕದಷ್ಟು. ಉದ್ದವು ಸುಮಾರು ೨೧ ಸೆಂಟಿಮೀಟರು. ಬೂದುಗಂದು ಮೈಮೇಲೆ ಅಕ್ಕಿಯನ್ನು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು, ದುಂಡು ತಲೆ, ಬಿಳಿಯ ಹುಬ್ಬು, ಹಳದಿಯ ಕಣ್ಣು. ಶಾಸ್ತ್ರಜ್ಞರು ಇದನ್ನು ಅಥೀನೆ ಬ್ರಾಮಾ ಎಂದು ಕರೆಯುವರು. ಅಥೀನೆಯು ಗ್ರೀಕರ ವಿದ್ಯಾದೇವತೆ. ಸಣ್ಣ ಗೂಗೆಯು ಅವಳ ಪಕ್ಷಿ. ನಮ್ಮಲ್ಲಿಯೂ ಗೂಗೆಯು ಲಕ್ಷ್ಮಿಯ ವಾಹನವೆಂಬ ನಂಬುಗೆಯುಂಟು. ಈ ಹಕ್ಕಿಗೆ ದಟ್ಟ ಅಡವಿಯು ಬೇಕಾಗಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಕಬ್ಬಿನ ಹೊಲಗಳ ಬದುವಿನ ಮಾವು, ನಿಪ್ಪಾಣಿಯ ತಂಬಾಕಿನ ಸೀಮೆಯ ಹಳೆಯ ಗೋಡೆಗಳ ಬಿರುಕು, ಅಥಣಿ ಕಾಗವಾಡಗಳ ಕಡೆಯ ಬೇವು ಹುಣಸೆಗಳ ಪೊಟರೆ, ಇವೇ ಅದರ ಮನೆಗಳು. ಇಲಿ, ಮಿಡತೆ, ಜೀರುಂಡೆ, ಪತಂಗ, ಹಲ್ಲಿಗಳು ಅದರ ಆಹಾರ. ಕೂಲಿಯನ್ನು ಕೇಳದೆ ರಾತ್ರಿಯೆಲ್ಲ ಹೊಲವನ್ನು ಕಾಯುವ ಇಂಥ ಆಳು ರೈತನಿಗೆ ಬೇರೆಲ್ಲಿ ದೊರಕೀತು?

ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದ ಬಂಡಿಗಳು ಮರಳುತ್ತಿದ್ದ ಮಾಘಮಾಸದ ದಿನಗಳಲ್ಲಿ ನಾವು ರಾಯಬಾಗ ತಾಲೂಕಿನ ಒಂದು ಹೊಲಕ್ಕೆ ಹೋದೆವು. ಊರ ಹೆಸರನ್ನು ಬೇಕೆಂದೇ ಹೇಳುವದಿಲ್ಲ. ಕಾರಣವು ಮುಂದೆ ತಿಳಿಯುವದು. ಬಾವಿಯ ಪಕ್ಕದ ಮುದಿ ಮಾವಿನ ಮರದ ಪೊಟರೆಯಲ್ಲಿ ಒಂದು ಜೋಡಿಯು ಮರಿಗಳನ್ನು ಮಾಡಿತ್ತು. ಹೊಲದ ಒಡೆಯನು ನಮ್ಮನ್ನು ಕಂಡು ನಕ್ಕನು.

“ಗೂಗಿ ಫೋಟೋ ತಗಿಯಾಕ ಇಷ್ಟ ದೂರ ಬಂದೀರೇನ್ರೀ ಸಾಹೇಬ್ರ? ಇನ್ನೆರಡ ದಿನ ಬಿಟ್ಟು ಬಂದಿದ್ರ ಗಿಡಾನೂ ಇರತಿರಲಿಲ್ಲ.”

ಚಳಿಗಾಲದಲ್ಲಿ ಅವನ ಕಿರಿಯ ಮಗನು ಮೂರು ವಾರ ಜ್ವರದಿಂದ ಮಲಗಿದ್ದನಂತೆ. ಆ ರಾತ್ರಿಗಳಲ್ಲಿ ಗೂಗೆಯು ಬಿಡದೆ ಕಿರುಚಿತೆಂದು ಹುಡುಗನ ಅಜ್ಜಿಯು ಅನ್ನ ನೀರು ಬಿಟ್ಟು ಕುಳಿತಿದ್ದಳು. ಹುಡುಗನೇನೋ ಗುಣಹೊಂದಿದ್ದನು, ಮುದುಕಿಯ ಅಂಜಿಕೆ ಮಾತ್ರ ಹೋಗಿರಲಿಲ್ಲ. ತಾಯಿಯ ಮನಸ್ಸಿನ ಸಮಾಧಾನಕ್ಕೆಂದು ಮಗನು ಮರವನ್ನು ಮಾರಲು ಮಾತು ಕೊಟ್ಟಿದ್ದನು. ಮರಿಗಳಿಗೆ ರೆಕ್ಕೆ ಬಲಿಯಲು ಹೆಚ್ಚು ಕಡಿಮೆ ಒಂದು ತಿಂಗಳು ಬೇಕು. ನಾವು ಕೈಮುಗಿದು ಕೇಳಿಕೊಂಡುದರಿಂದ ನಾಲ್ಕು ದಿನಗಳ ಅವಕಾಶ ದೊರಕಿತು.

ಮೊದಲನೆಯ ಸಂಜೆ ನಾವು ಅವಸರದಿಂದ ಮರದ ಬುಡಕ್ಕೇ ಹೋಗಿ ಕ್ಯಾಮರಾದ ಮುಕ್ಕಾಲಿಯನ್ನು ನಿಲ್ಲಿಸಿದೆವು. ಹಕ್ಕಿಯು ನಮ್ಮನ್ನು ದಿಟ್ಟಿಸಿ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಕುಣಿಸಿ, ಪೊಟರೆಯನ್ನು ಹೊಕ್ಕಿತು. ನೋಡುವವರಿಗೆ ಅದು ಅಣಕದಂತೆ ತೋರುವದು. ನಿಜವಾಗಿ ಅದು ದೂರವನ್ನು ಅಳೆಯುವ ಉಪಾಯ. ಗೂಗೆಯ ಕಣ್ಣುಗಳು ಗುಂಡಾಗಿರದೆ ನಳಿಗೆಯಂತೆ ಉದ್ದವಾಗಿದ್ದು, ಅವು ಕುಳಿಯೊಳಗೆ ಹೊರಳಲಾರವು. ಆದುದರಿಂದ ಅದು ತಲೆಯನ್ನೇ ಆಡಿಸಬೇಕು. ಮನುಷ್ಯನ ಕತ್ತಿನಲ್ಲಿ ೭ ಎಲುಬುಗಳಿದ್ದರೆ ಗೂಗೆಯ ಕತ್ತಿನಲ್ಲಿ ೧೪. ಒಂದು ಪಕ್ಕಕ್ಕೆ ೨೭೦ ಅಂಶಗಳ ವರೆಗೆ ಅದು ತಿರುಗಬಲ್ಲದು.

ಎರಡನೆಯ ದಿನ ಮೂವತ್ತು ಹೆಜ್ಜೆ ಹಿಂದೆ ಸರಿದು, ಕಣಕಿಯ ಬಣವಿಯ ಮರೆಯಲ್ಲಿ ಬಿಸಿಲಿರುವಾಗಲೇ ಕುಳಿತೆವು. ದೂರದ್ದನ್ನು ಹತ್ತಿರ ತರುವ ೬೦೦ ಮಿಲಿಮೀಟರಿನ ಮಸೂರವಿತ್ತು. ಸದ್ದಿಲ್ಲದೆ ಚಿತ್ರವನ್ನು ಹಿಡಿಯುವ ಈಗಿನ ಕ್ಯಾಮರಾ ಇತ್ತು. ಸಂಜೆಯ ಮಂದ ಬೆಳಕಿನಲ್ಲಿ ಸೆಕೆಂದಿನ ೩೦ನೆಯ ಒಂದು ಪಾಲಾದರೂ ಕ್ಯಾಮರಾದ ಕಣ್ಣು ತೆರೆದಿರಬೇಕಾಗುವದು. ಅಷ್ಟರಲ್ಲಿ ಹಕ್ಕಿಯು ತಲೆ ತಿರುಗಿಸಿತೆಂದರೆ ಮುಖವೆಲ್ಲ ಕಲಸಿಹೋಯಿತು. ಆದರೆ ಒಂದು ಹೊರಳಿಗೂ ಮತ್ತೊಂದು ಹೊರಳಿಗೂ ನಡುವೆ ಅದು ಕಲ್ಲಿನ ಗೊಂಬೆಯಂತೆ ನಿಲ್ಲುವದು. ಆ ಕ್ಷಣವನ್ನು ಕಾಯುವದೇ ಈ ವಿದ್ಯೆಯ ಗುಟ್ಟು. ಆ ದಿನ ಜೋಡಿಯೆರಡೂ ಹೊರಬಂದು ಒಂದಕ್ಕೊಂದು ಅಂಟಿಕೊಂಡು ಕುಳಿತವು. ಒಂದು ಮತ್ತೊಂದರ ತಲೆಯ ಗರಿಗಳನ್ನು ಕೊಕ್ಕಿನಿಂದ ನೇರ್ಪಡಿಸಿತು. ಅದನ್ನು ಚಲಚ್ಚಿತ್ರದಲ್ಲಿ ಹಿಡಿದೆವು. ಪೊಟರೆಗೆ ಇಲಿಯನ್ನು ತಂದುದೂ, ಒಳಗಿಂದ ಮರಿಯೊಂದು ಬಾಯಿ ತೆರೆದುದೂ ದೊರೆತವು.

ಮೂರನೆಯ ರಾತ್ರಿ ನಮ್ಮಿಂದ ಒಂದು ತಪ್ಪಾಯಿತು. ಇಷ್ಟು ಸಿಕ್ಕಮೇಲೆ ಇನ್ನಷ್ಟು ಬೇಕೆಂಬ ಆಸೆಯಿಂದ, ಕತ್ತಲಾದ ಮೇಲೆ ದೀಪವನ್ನು ಪೊಟರೆಯ ಕಡೆಗೆ ಹಚ್ಚಿಟ್ಟೆವು. ತಾಯಿಯೋ ತಂದೆಯೋ ಪತಂಗವೊಂದನ್ನು ಕಚ್ಚಿಕೊಂಡು ಬಂದು ಕೊಂಬೆಯ ಮೇಲೆ ಕುಳಿತಿತು; ಒಳಗೆ ಹೋಗಲೊಲ್ಲದು. ಮರಿಗಳು ಹಸಿದು ಒರಲುತ್ತಿದ್ದವು. ಕಾಲು ತಾಸು ಹೀಗೆಯೇ ನಡೆಯಿತು. ಮುದುಕಿಯ ಅಂಜಿಕೆಯಿಂದ ಆ ಮರಿಗಳನ್ನು ಉಳಿಸಬಂದ ನಾವೇ ಅವುಗಳ ತುತ್ತನ್ನು ತಡೆದು ಕುಳಿತಿದ್ದೆವು! ದೀಪವನ್ನು ಆರಿಸಿದ ಕೆಲವೇ ನಿಮಿಷಗಳಲ್ಲಿ ಒರಲಾಟ ನಿಂತಿತು. ಅಂದಿನಿಂದ ಗೂಡಿಗೆ ದೀಪ ಹಿಡಿದಿಲ್ಲ.

ಗೂಡಿನ ಹತ್ತಿರದ ಆತುರವು ಮನುಷ್ಯನಿಗೂ ಒಳ್ಳೆಯದಲ್ಲ. ಇಂಗ್ಲಂಡದ ಪ್ರಸಿದ್ಧ ಪಕ್ಷಿಛಾಯಾಚಿತ್ರಕಾರ ಎರಿಕ್ ಹಾಸ್ಕಿಂಗ್ ಇವರು ೧೯೩೭ರಲ್ಲಿ ಗೂಗೆಯೊಂದರ ಗೂಡಿನ ಹತ್ತಿರ ಅದರ ಉಗುರೇಟಿಗೆ ತಮ್ಮ ಎಡಗಣ್ಣನ್ನು ಕಳೆದುಕೊಂಡರು. ಉಳಿದೊಂದು ಕಣ್ಣಿನಿಂದ ಬಾಳೆಲ್ಲ ಹಕ್ಕಿಗಳನ್ನೇ ನೋಡಿದ ಅವರು, ೧೯೭೦ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ‘ಹಕ್ಕಿಗಾಗಿ ಒಂದು ಕಣ್ಣು’ ಎಂಬರ್ಥದ ಹೆಸರನ್ನಿಟ್ಟರು. ನಮ್ಮ ನಾಡಿನಲ್ಲಿಯೂ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭), ಪೂರ್ಣಚಂದ್ರ ತೇಜಸ್ವಿ (೧೯೩೮–೨೦೦೭) ಇವರು ಹಕ್ಕಿಗಳ ಚಿತ್ರಗಳನ್ನು ತೆಗೆದು, ನಮ್ಮವರಿಗೆ ಅವುಗಳ ಮುಖವನ್ನು ತೋರಿಸಿಕೊಟ್ಟರು.

ಚಿತ್ರದ ಬೆಲೆ ಎಂಥದೆಂಬದಕ್ಕೆ ಹಾಲಕ್ಕಿಯ ಬಳಗದಲ್ಲಿಯೇ ಒಂದು ದೃಷ್ಟಾಂತವುಂಟು. ಹಾಲಕ್ಕಿಯನ್ನೇ ಬಹುಮಟ್ಟಿಗೆ ಹೋಲುವ ಅಡವಿಯ ಸಣ್ಣ ಗೂಗೆಯೊಂದು ೧೮೮೪ರ ತರುವಾಯ ಯಾರ ಕಣ್ಣಿಗೂ ನಿಶ್ಚಿತವಾಗಿ ಬೀಳದೆ, ಅಳಿದೇ ಹೋಯಿತೆಂದು ಅನೇಕರು ತಿಳಿದಿದ್ದರು. ೧೯೯೭ರ ನವೆಂಬರದಲ್ಲಿ ಅಮೇರಿಕೆಯ ಪಮೇಲಾ ರಾಸ್ಮುಸೆನ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ಶಹಾದೆಯ ಹತ್ತಿರ ಅದನ್ನು ಕಂಡು, ಅದರ ಚಿತ್ರಗಳನ್ನು ತೆಗೆದುಕೊಂಡರು. ಸತ್ತಿತೆಂದುಕೊಂಡ ಹಕ್ಕಿಯು ಬದುಕಿದೆಯೆಂಬದಕ್ಕೆ ಆ ಚಿತ್ರಗಳೇ ಸಾಕ್ಷಿಯಾದವು.

ನಾಲ್ಕನೆಯ ಸಂಜೆ ನಾವು ಆ ರೈತನ ಮನೆಯ ಕಟ್ಟೆಯ ಮೇಲೆ ಗಣಕಯಂತ್ರದ ತೆರೆಯಲ್ಲಿ ಚಲಚ್ಚಿತ್ರವನ್ನು ತೋರಿಸಿದೆವು. ಹುಡುಗರು ಗುಂಪುಗೂಡಿದರು. ಅಜ್ಜಿಯು ಮೊದಲು ಮುಖವನ್ನು ತಿರುಗಿಸಿಕೊಂಡಳು. ಹಕ್ಕಿಯು ಇಲಿಯನ್ನು ತಂದು ಮರಿಗೆ ಕೊಡುವ ಹೊತ್ತಿಗೆ ಮೆಲ್ಲನೆ ತಿರುಗಿ ನೋಡಿದಳು.

“ಕೂಸಿಗೆ ಉಣಸಾಕತ್ತೈತಲ್ಲೋ ತಮ್ಮಾ. ಯಾ ಹಕ್ಕಿ ಇದು?”

“ಹಾಲಕ್ಕಿರಿ ಅಜ್ಜಿ.”

“ಬುಡಬುಡಕ್ಯಾಂವ ಹೇಳತಾನಲ್ಲ, ಅದ?”

“ಅದ ರೀ. ನಿಮ್ಮ ಗಿಡದಾಗ ಕೂಗೂದೂ ಇದ.”

ಮುದುಕಿಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮಗನನ್ನು ನೋಡಿ, “ಮರಿ ಹಾರಿ ಹೋಗೂ ತನಕ ಬಿಡೋ” ಎಂದಳು. ಅಷ್ಟೇ, ಅಂಜಿಕೆಯು ಹೋಯಿತೆಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಯುಗಾದಿಯ ತರುವಾಯ ನಾವು ಹೋಗಿ ನೋಡಿದಾಗ ಮರದ ಎರಡು ಕೊಂಬೆಗಳು ಕಡಿಯಲ್ಪಟ್ಟಿದ್ದವು, ಪೊಟರೆಯ ಬೊಡ್ಡೆಯು ನಿಂತಿತ್ತು. ಮೂರು ಮರಿಗಳು ಸಾಲಾಗಿ ಅದರ ಮೇಲೆ ಕುಳಿತು, ನಮ್ಮನ್ನು ಕಂಡು ತಲೆಗಳನ್ನು ಕುಣಿಸಿದವು.

ಊರ ಹೆಸರನ್ನು ಮುಚ್ಚಿದ ಕಾರಣವನ್ನು ಈಗ ಹೇಳಬೇಕು. ಮಾಟ ಮಂತ್ರಗಳ ಹೆಸರಿನಲ್ಲಿ, ವಿಶೇಷವಾಗಿ ದೀಪಾವಳಿಯ ಸಮಯದಲ್ಲಿ, ಗೂಗೆಗಳನ್ನು ಹಿಡಿದು ಮಾರುವವರಿದ್ದಾರೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯದೆಯಂತೆ ಇದು ಅಪರಾಧ. ಆದರೂ ಚಿತ್ರದ ಸಂಗಡ ಸ್ಥಳವನ್ನು ಜಗತ್ತಿಗೆಲ್ಲ ಸಾರಿದರೆ, ಕಳ್ಳನಿಗೆ ದಾರಿಯನ್ನು ತೋರಿಸಿದಂತಾಗುವದು.

ಈಗ ಮನೆಮನೆಯಲ್ಲಿಯೂ ಕ್ಯಾಮರಾವುಳ್ಳ ಫೋನು ಇರುವದು. ನಮ್ಮ ವಾಚಕರ ಮಕ್ಕಳು ಹಿತ್ತಲಿನ ಹಾಲಕ್ಕಿಯ ಚಿತ್ರವನ್ನು ಅಗತ್ಯವಾಗಿ ತೆಗೆಯಲಿ. ದೂರದಲ್ಲಿ ಕುಳಿತುಕೊಳ್ಳಲಿ, ಗೂಡಿಗೆ ಬೆಳಕು ಬಿಡದಿರಲಿ, ಕೂಗನ್ನು ಯಂತ್ರದಿಂದ ನುಡಿಸಿ ಹಕ್ಕಿಯನ್ನು ಮೋಸಗೊಳಿಸದಿರಲಿ. ಹಕ್ಕಿಯು ತಲೆ ಕುಣಿಸತೊಡಗಿದರೆ ಎರಡು ಹೆಜ್ಜೆ ಹಿಂದೆ ಸರಿಯಲಿ. ತೆಗೆದ ಚಿತ್ರವನ್ನು ಮೊದಲು ಮನೆಯ ಅಜ್ಜಿಗೆ ತೋರಿಸಲಿ. ಬೆಳಗ್ಗೆ ಯಾರ ಹೆಸರಿನಲ್ಲಿ ಜೋಳವನ್ನು ನೀಡುತ್ತ ಬಂದೆವೋ, ಅದರ ಮುಖವನ್ನು ಒಮ್ಮೆಯಾದರೂ ನೋಡಿ ತಿಳಿಯುವದು ನಮ್ಮ ಮನೆಗಳಿಗೆ ಒಪ್ಪುವ ಮಾತಲ್ಲವೇ?