ಗೋಡೆಯೊಳಗಿನ ವೈರ್ ವೈರಿಯಾಗದಿರಲಿ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಳ್ಳುವ ನಮ್ಮವರು ಶಾಲೆ, ರೈಲು ನಿಲ್ದಾಣ, ಸಾಲದ ಕಂತು ಎಲ್ಲವನ್ನೂ ವಿಚಾರಿಸುತ್ತಾರೆ. ವೈರಿಂಗ್ ಮಾಡಿದವರು ಯಾರು ಎಂದು ಕೇಳುವವರು ಕಡಿಮೆ. ಸರ್ವೇಯರ್ ನೋಡಿ ಹೋಗಿದ್ದಾರಲ್ಲ ಎಂಬ ಧೈರ್ಯ. ಆದರೆ ಸರ್ವೇಯರ್ ಬರೆಯುವುದು ಕಣ್ಣಿಗೆ ಕಂಡಷ್ಟನ್ನು. ವೈರಿಂಗ್ ಪರೀಕ್ಷಿಸುವುದು ಅವರ ಕೆಲಸವಲ್ಲ.

ಮಿಲ್ಟನ್ ಕೀನ್ಸ್‌ನಲ್ಲಿ ಹಾಸನ ಮೂಲದ ಸ್ನೇಹಿತರೊಬ್ಬರು ಮನೆ ಕೊಂಡರು. ಹಿಂದಿನ ಮಾಲೀಕರು ಅಡುಗೆಮನೆಯನ್ನು ಹಿತ್ತಲಿನ ಕಡೆ ವಿಸ್ತರಿಸಿದ್ದರು. ಊರಿನಿಂದ ಬಂದಿದ್ದ ಸ್ನೇಹಿತರ ತಾಯಿ ಒಂದು ದಿನ, ‘ಒಲೆ ಮೇಲಿನ ಚಿಮಣಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತಲ್ಲೋ’ ಎಂದರು. ಮಗ ಆ ಮಾತನ್ನು ತಳ್ಳಿಹಾಕಲಿಲ್ಲ. ಮೇನ್ ಸ್ವಿಚ್ ಆರಿಸಿ, ನೋಂದಾಯಿತ ಎಲೆಕ್ಟ್ರಿಷಿಯನ್ ಕರೆಸಿದರು.

ಸೀಲಿಂಗ್ ಬಿಚ್ಚಿದಾಗ ಸಿಕ್ಕಿದ್ದು ಬರೀ ಟೇಪ್ ಸುತ್ತಿದ ಜೋಡಣೆಗಳು, ಅಲ್ಲಿಗೇ ಕತ್ತರಿಸಿ ಬಿಟ್ಟ ಅರ್ಥ್ ವೈರ್. ಫ್ಯೂಸ್ ಬಾಕ್ಸ್‌ನಲ್ಲಿ, ಕರೆಂಟ್ ಸೋರಿದ ಕ್ಷಣವೇ ಸಂಪರ್ಕ ಕಡಿಯುವ ಆರ್‌ಸಿಡಿ ಇರಲಿಲ್ಲ. ಬಚ್ಚಲಿನ 9.5 ಕಿಲೋವಾಟ್ ಶವರ್‌ಗೆ ಎಳೆದಿದ್ದು ಮಾಮೂಲಿ ಸಾಕೆಟ್‌ನ 2.5 ಚದರ ಮಿ.ಮೀ. ವೈರ್. ಲೆಕ್ಕ ಸರಳ: 9,500 ವಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿದರೆ 41 ಆಂಪಿಯರ್. ಆ ವೈರ್ ಅಷ್ಟನ್ನು ಹೊರಲಾರದು, ಗೋಡೆಯೊಳಗೇ ಕಾಯುತ್ತಿರುತ್ತದೆ.

ತಪಾಸಣೆಗೆ 260 ಪೌಂಡ್, ದುರಸ್ತಿಗೆ 3,000 ಪೌಂಡ್‌ಗೂ ಹೆಚ್ಚು ಖರ್ಚಾಯಿತು. ಹಳೆಯ ಗುತ್ತಿಗೆದಾರನ ಪತ್ತೆಯೇ ಇಲ್ಲ. ಇದೇ ವರದಿ ಖರೀದಿಗೆ ಮೊದಲು ಕೈಯಲ್ಲಿದ್ದರೆ ಮನೆಯ ಬೆಲೆ ಚೌಕಾಸಿ ಮಾಡಲು ಆಧಾರವಾಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಜನವರಿಯಿಂದ ಮನೆ ವೈರಿಂಗ್ ಕೂಡ ಕಟ್ಟಡ ನಿಯಮಗಳಡಿ ಬರುತ್ತದೆ. ಹೊಸ ಸರ್ಕಿಟ್ ಎಳೆದರೆ, ಫ್ಯೂಸ್ ಬಾಕ್ಸ್ ಬದಲಿಸಿದರೆ ಪ್ರಮಾಣಪತ್ರ ಇರಬೇಕು. ಮಾರುವವರಿಂದ ವಕೀಲರ ಮೂಲಕ ಅದನ್ನು ಕೇಳಿ. ಇಲ್ಲವೆಂದರೆ ಇಐಸಿಆರ್ ಎಂಬ ತಪಾಸಣೆ ಮಾಡಿಸಿ. ವರದಿಯಲ್ಲಿ ಸಿ1 ಎಂದರೆ ಈಗಲೇ ಅಪಾಯವಿದೆ. ಸಿ2 ಎಂದರೆ ಅಪಾಯ ಆಗಬಹುದು. ಸಿ3 ಎಂದರೆ ಸುಧಾರಿಸಿದರೆ ಒಳ್ಳೆಯದು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಾದರೆ ಕನಿಷ್ಠ 5 ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಿಸಿ, ಬಾಡಿಗೆದಾರರಿಗೆ ಪ್ರತಿ ಕೊಡುವುದು ಮಾಲೀಕರ ಹೊಣೆ. ಅಪಾಯ ಕಂಡುಬಂದರೆ 28 ದಿನದೊಳಗೆ, ವರದಿ ಇನ್ನೂ ಬೇಗ ಎಂದಿದ್ದರೆ ಆ ಅವಧಿಯಲ್ಲೇ ಸರಿಪಡಿಸಬೇಕು.

ಊರಿನ ಮನೆಗೂ ಈ ಮಾತು ಸಲ್ಲುತ್ತದೆ. ಮಕ್ಕಳು ಕಳಿಸಿದ ಹಣದಲ್ಲಿ ಮೇಲೊಂದು ಮಹಡಿ ಏರುತ್ತದೆ, ಎಸಿ, ಗೀಸರ್ ಬರುತ್ತವೆ. ಕೆಳಗಿನ ವೈರಿಂಗ್ ಮಾತ್ರ ಹಳೆಯದೇ. ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವ ಮೊದಲು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಲಿಖಿತ ವರದಿ ಪಡೆಯಿರಿ.

ಮಕ್ಕಳ ಮನೆಗೆ ವಿದೇಶಕ್ಕೆ ಹೋಗುವ ಅಪ್ಪ–ಅಮ್ಮಂದಿರಿಗೆ ಒಂದು ಮಾತು. ಸ್ವಿಚ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಕೈ ಜುಮ್ಮೆಂದರೆ ‘ಈ ದೇಶದಲ್ಲಿ ಹೀಗೇ ಇರಬಹುದು’ ಎಂದು ಸುಮ್ಮನಾಗಬೇಡಿ. ಯಾವ ದೇಶದಲ್ಲೂ ಅದು ಹಾಗಿರಬಾರದು. ಮತ್ತೆ ಮುಟ್ಟಿ ನೋಡದೆ, ತಕ್ಷಣ ಹೇಳಿಬಿಡಿ.