ಮದುವೆಯಾದ ಮೇಲೂ ಯೂನಿವರ್ಸಿಟಿಗೆ ಅರ್ಜಿ ಹಾಕಬಹುದು



ಶಿಕಾರಿಪುರ, ಸೊರಬದ ಸಂಘಗಳಲ್ಲಿ ಲೆಕ್ಕದ ಪುಸ್ತಕ ಬರೆಯುವ ಅಕ್ಕಂದಿರನ್ನು ಓದು ಮುಂದುವರಿಸಿ ಅಂದರೆ, "ನಲವತ್ತಾಯ್ತು, ಇನ್ನೆಲ್ಲಿ ಓದು" ಎಂದು ನಕ್ಕು ಬಿಡುತ್ತಾರೆ. ಆದರೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಲು ಇಷ್ಟೇ ವಯಸ್ಸಿನೊಳಗಿರಬೇಕು ಎಂಬ ಮಿತಿ ಇಲ್ಲ.

ಹೊರದೇಶಗಳಲ್ಲಿ ಇದು ಮಾಮೂಲು. ದುಡಿಯುವವರು, ಮನೆ ನಡೆಸುವವರು ಓದಲಿ ಎಂದು ಬ್ರಿಟನ್ನಿನಲ್ಲಿ 1969ರಲ್ಲೇ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದೇ ವರ್ಷ ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮೂಲಕ ಪಾಠ ಶುರುಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಲ್ಲಿ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮೈಸೂರಿಗೇ ಹೋಗಬೇಕಿಲ್ಲ, ಪ್ರಾದೇಶಿಕ ಕೇಂದ್ರ ಶಿವಮೊಗ್ಗದಲ್ಲಿದೆ. ಜುಲೈ ಮತ್ತು ಜನವರಿ ಸಾಲಿಗೆ ಪ್ರವೇಶ ಕೊಡುತ್ತಾರೆ. ನಾಟಿ ಕಾಲದಲ್ಲಿ ಪುರುಸೊತ್ತು ಸಿಗದವರಿಗೆ ಜನವರಿಯೇ ವಾಸಿ.

ಡಿಗ್ರಿಗೆ ಮೊದಲು ಪಿಯುಸಿ, ಅದಕ್ಕೂ ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎರಡನ್ನೂ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ತಗೊಳ್ಳಿ, ವಿಜ್ಞಾನಕ್ಕೆ ಹೀಗೆ ಅವಕಾಶವಿಲ್ಲ. ಡಿಗ್ರಿವರೆಗೆ ಹೋಗದಿದ್ದರೂ ಈ ಮೆಟ್ಟಿಲುಗಳಿಗೇ ಬೆಲೆಯಿದೆ. ಅಂಗನವಾಡಿ ಕಾರ್ಯಕರ್ತೆಯಾಗಲು ಈಗ ಪಿಯುಸಿ ಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ಅಲ್ಲಿ ಮಾತ್ರ ಸಾಮಾನ್ಯವಾಗಿ 35ರ ವಯೋಮಿತಿ ಇರುವುದರಿಂದ, ಆ ಕೆಲಸದ ಆಸೆ ಇರುವವರು ಮುಂದೂಡಬೇಡಿ.

"ಎಸ್ಸೆಸ್ಸೆಲ್ಸಿ ಬೇಡ, ಪಿಯುಸಿ ಬೇಡ, ದುಡ್ಡು ಕೊಟ್ಟರೆ ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸ್ತೀವಿ" ಅನ್ನುವವರು ಊರೂರಿಗೂ ಬರುತ್ತಾರೆ. ನಂಬಬೇಡಿ. ನರ್ಸಿಂಗನ್ನು ದೂರಶಿಕ್ಷಣದಲ್ಲಿ ಕೊಡಿಸುತ್ತೇವೆ ಅಂದರಂತೂ ಅದು ಮೋಸವೇ, ಯುಜಿಸಿ ಅದಕ್ಕೆ ಅನುಮತಿ ಕೊಡುವುದಿಲ್ಲ. ಮುಕ್ತ ವಿಶ್ವವಿದ್ಯಾನಿಲಯಕ್ಕೂ 2013ರ ನಂತರ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಹಾಗಾಗಿ ಸರ್ಕಾರಿ ಸಂಸ್ಥೆಯೇ ಆದರೂ, ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲಿ ನೋಡಿಸಿಕೊಂಡೇ ಫೀಸು ಕಟ್ಟಿ. ಮಾನ್ಯತೆ ಇದ್ದರೆ ಆ ಡಿಗ್ರಿಗೂ ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೂ ಭೇದವಿಲ್ಲ.

ನಮ್ಮ ಹೆಂಗಸರು ನಿಜವಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಒಂದರಲ್ಲಿ ಗೌರಿ, ಇನ್ನೊಂದರಲ್ಲಿ ಗೌರಮ್ಮ. ಯೂನಿವರ್ಸಿಟಿಯವರು ನೋಡುವುದು ಎಸ್ಸೆಸ್ಸೆಲ್ಸಿ ಕಾರ್ಡನ್ನು. ಆದ್ದರಿಂದ ಆಧಾರ್‌ನಲ್ಲಿರುವ ನಿಮ್ಮ ಹೆಸರನ್ನು ಅದಕ್ಕೆ ಹೊಂದುವಂತೆ ಮೊದಲೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಅಕ್ಷರ ಅಕ್ಷರ ನೋಡಿ ಕೊಡಿ.

ಮೊಬೈಲ್ ನಂಬರೂ ಅಷ್ಟೇ. ದೂರಶಿಕ್ಷಣಕ್ಕೆ ಸೇರಲು ಈಗ ಡೆಬ್ ಐಡಿ ಎಂಬ ನಂಬರು ಮಾಡಿಸಬೇಕು. ಅದನ್ನು ಮಾಡಿಸುವಾಗ ಆಧಾರ್‌ಗೆ ಜೋಡಿಸಿದ ಫೋನಿಗೆ ಓಟಿಪಿ ಬರುತ್ತದೆ. ಆ ಫೋನು ಬೆಂಗಳೂರಲ್ಲಿರುವ ಮಗನ ಕೈಲಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನಿಮ್ಮದೇ ನಂಬರು ಜೋಡಿಸಿಕೊಳ್ಳಿ. ಮಾರ್ಕ್ಸ್ ಕಾರ್ಡು ಕಳೆದಿದ್ದರೆ, ಓದಿದ ಶಾಲೆಯಲ್ಲೇ ವಿಚಾರಿಸಿ ಎರಡನೇ ಪ್ರತಿಗೆ ಅರ್ಜಿ ಕೊಡಿ.

ಫೀಸಿಗೆ ಸಂಘದ ಆಂತರಿಕ ಸಾಲ ಕೇಳಲು ಸಂಕೋಚ ಬೇಡ. ಮಗಳ ಓದಿಗೆ ಕೊಡುವ ಸಂಘ ಅಮ್ಮನ ಓದಿಗೂ ಕೊಡಬಹುದಲ್ಲ! ಮುಂದಿನ ವಾರದ ಸಭೆಗೆ ಬರುವಾಗ ಪೆಟ್ಟಿಗೆಯ ತಳದಲ್ಲಿರುವ ಮಾರ್ಕ್ಸ್ ಕಾರ್ಡನ್ನೂ ಆಧಾರನ್ನೂ ಜೊತೆಗೆ ತನ್ನಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.