ಒಂದು ರೂಪಾಯಿ ತೆತ್ತರೆ ಕಾಣುವ ಲೆಕ್ಕ

ಅಕ್ಕಲಕೋಟೆಯೆಂದೊಡನೆ ಕಾಸರಗೋಡಿನವರಾದ ನಮಗೆ ನೆನಪಾಗುವುದು ಮಹಾಜನ ವರದಿ. ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ನೆಲವೂ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯೂ ಕರ್ನಾಟಕಕ್ಕೆ ಸೇರತಕ್ಕವೆಂದು 1967ರ ಆ ವರದಿ ಹೇಳಿತ್ತು. ಎರಡೂ ಸೇರಲಿಲ್ಲ. ಆ ಹಳೆಯ ನೋವನ್ನು ಕೆದಕುವುದು ಇಂದಿನ ನಮ್ಮ ಉದ್ದೇಶವಲ್ಲ. ಅಲ್ಲಿನ ಕನ್ನಡಿಗನಿಗೂ ಇಲ್ಲಿನ ಕನ್ನಡಿಗನಿಗೂ ಸಮಾನವಾಗಿ ಸಂಬಂಧಿಸಿದ, ಆದರೆ ಇಬ್ಬರೂ ಅಷ್ಟಾಗಿ ಲಕ್ಷ್ಯ ಕೊಡದ ಇನ್ನೊಂದು ವಿಷಯವಿದೆ. ಅದು ಚುನಾವಣೆಯ ಖರ್ಚಿನ ಲೆಕ್ಕ.

ಅಕ್ಕಲಕೋಟೆ ತಾಲೂಕಿನ ದುಧನಿ, ಮೈಂದರ್ಗಿಗಳಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗಡಿ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದಗಳು. ಇಂಥ ಸೀಮೆಯಲ್ಲಿ ಮತ ಕೇಳುವಾಗ ಉಮೇದುವಾರರಿಗೆ ಕನ್ನಡ ಬೇಕು. ಮತ ಎಣಿಸಿ ಮುಗಿದ ಮೇಲೆ ಲೆಕ್ಕದ ಕಾಗದಗಳು ಕಚೇರಿಯ ಭಾಷೆಯಲ್ಲಿ ಕಚೇರಿಯ ಕಪಾಟು ಸೇರುತ್ತವೆ. ಮಲಯಾಳದ ಕಡತಗಳ ನಡುವೆ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿದೆ ಏನನ್ನುತ್ತದೆ?

1951ರ ಜನಪ್ರಾತಿನಿಧ್ಯ ಕಾಯಿದೆಯ 77ನೆಯ ಕಲಮಿನಂತೆ, ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಸಾರುವ ದಿನದವರೆಗೆ ಪ್ರತಿಯೊಬ್ಬ ಉಮೇದುವಾರನೂ ಪ್ರತ್ಯೇಕವಾದ ಸರಿಯಾದ ಲೆಕ್ಕವಿಡಬೇಕು. ಶಾಮಿಯಾನ, ಧ್ವನಿವರ್ಧಕ, ಬಾಡಿಗೆ ಜೀಪು, ಕರಪತ್ರ, ಕಾರ್ಯಕರ್ತರ ಚಹಾ ತಿಂಡಿ ಎಲ್ಲವೂ ಅದರಲ್ಲಿ ಬರತಕ್ಕದ್ದು. ಅಂಚೆ, ರೈಲು ಪ್ರಯಾಣದಂಥವನ್ನು ಬಿಟ್ಟರೆ ಉಳಿದೆಲ್ಲಕ್ಕೂ ವೋಚರು ಬೇಕು. ಮಹಾರಾಷ್ಟ್ರದಲ್ಲೂ ಕೇರಳದಲ್ಲೂ 2024ರ ಲೋಕಸಭಾ ಚುನಾವಣೆಗೆ ಇದ್ದ ಮಿತಿ ಒಂದೇ, 95 ಲಕ್ಷ ರೂಪಾಯಿ. ಅದೇ ವರ್ಷ ಮಹಾರಾಷ್ಟ್ರದ ವಿಧಾನಸಭಾ ಚುನಾವಣೆಗೆ 40 ಲಕ್ಷ. ಮಿತಿ ಮೀರಿದರೆ ಅದು ಭ್ರಷ್ಟಾಚರಣೆಯೆನಿಸಿ ಗೆದ್ದವನ ಆಯ್ಕೆಯೇ ರದ್ದಾಗಬಹುದು. ಹೊತ್ತಿಗೆ ಸರಿಯಾಗಿ, ಕ್ರಮಪ್ರಕಾರ ಲೆಕ್ಕ ಒಪ್ಪಿಸದವನನ್ನು ಚುನಾವಣಾ ಆಯೋಗವು 3 ವರ್ಷ ಅನರ್ಹಗೊಳಿಸಬಹುದು.

ಕರಪತ್ರಕ್ಕೂ ಕಟ್ಟಲೆಯಿದೆ. 127-ಎ ಕಲಮಿನಂತೆ ಅದರ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ 6 ತಿಂಗಳವರೆಗೆ ಸಜೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗಡಿಯಾಚೆಯ ಅಚ್ಚುಕೂಟದಲ್ಲಿ ಕನ್ನಡ ಕರಪತ್ರ ಅಚ್ಚಾಗಿ ಬಂದರೂ ಈ ನಿಯಮ ತಪ್ಪದು. ಮತದಾರನ ಕೈಗೆ ಬಂದ ಕಾಗದದ ಅಡಿಯಲ್ಲಿ ಆ ಸಣ್ಣ ಅಕ್ಷರದ ಸಾಲು ಇಲ್ಲದಿದ್ದರೆ, ಆ ಖರ್ಚು ಯಾರ ಲೆಕ್ಕಕ್ಕೆ ಹೋಯಿತೆಂದು ಕೇಳಲು ಅವನಿಗೆ ಕಾರಣವಿದೆ.

ಹದಿನೈದೇ ದಿನ

ಫಲಿತಾಂಶದಿಂದ 30 ದಿನಗಳೊಳಗೆ ಲೆಕ್ಕವು ಜಿಲ್ಲಾ ಚುನಾವಣಾಧಿಕಾರಿಗೆ ತಲುಪಬೇಕು. ತಲುಪಿದ 2 ದಿನಗಳಲ್ಲಿ ಅವರು ತಮ್ಮ ನೋಟೀಸು ಫಲಕದಲ್ಲಿ, ಇಂಥವರ ಲೆಕ್ಕ ಬಂದಿದೆ, ಇಂಥ ಹೊತ್ತಿಗೆ ಇಂಥಲ್ಲಿ ನೋಡಬಹುದು ಎಂದು ಪ್ರಕಟಿಸಬೇಕು. 1961ರ ಚುನಾವಣಾ ನಿಯಮಾವಳಿಯ 88ನೆಯ ನಿಯಮದಂತೆ ಯಾರೇ ಆಗಲಿ ಒಂದು ರೂಪಾಯಿ ಶುಲ್ಕ ತೆತ್ತು ಆ ಲೆಕ್ಕವನ್ನು ಪರಿಶೀಲಿಸಬಹುದು. ನಿಗದಿಯಾದ ಶುಲ್ಕ ಕೊಟ್ಟರೆ ದೃಢೀಕೃತ ನಕಲೂ ಸಿಗುತ್ತದೆ.

ಗೆದ್ದವನ ಆಯ್ಕೆಯನ್ನು ಪ್ರಶ್ನಿಸುವ ಅರ್ಜಿಯನ್ನು ಹೈಕೋರ್ಟಿಗೆ ಸಲ್ಲಿಸಲು ಇರುವ ಅವಧಿ 45 ದಿನ. ಸೋತ ಉಮೇದುವಾರ ಮಾತ್ರವಲ್ಲ, ಆ ಕ್ಷೇತ್ರದ ಸಾಮಾನ್ಯ ಮತದಾರನೂ 2,000 ರೂಪಾಯಿ ಠೇವಣಿಯಿಟ್ಟು ಅರ್ಜಿ ಹಾಕಬಹುದು. ಓದುಗರು ತುಸು ಲೆಕ್ಕ ಹಾಕಿ ನೋಡಲಿ. ಅಕ್ಕಲಕೋಟೆ ವಿಧಾನಸಭಾ ಕ್ಷೇತ್ರದ ಫಲಿತಾಂಶ ಬಂದದ್ದು 2024ರ ನವೆಂಬರ 23ರಂದು. ಲೆಕ್ಕ ಒಪ್ಪಿಸಲು ದಶಂಬರ 23ರವರೆಗೆ ಅವಕಾಶ. ಅರ್ಜಿಯ ಗಡುವು 2025ರ ಜನವರಿ 7. ಕೊನೆಯ ದಿನವೇ ಲೆಕ್ಕ ಬಂದರೆ ಅದನ್ನು ನೋಡಿ, ನಕಲು ಪಡೆದು, ಅರ್ಥ ಮಾಡಿಸಿಕೊಂಡು, ವಕೀಲರನ್ನು ಹಿಡಿದು ನ್ಯಾಯಾಲಯ ಮುಟ್ಟಲು ಉಳಿಯುವುದು 15 ದಿನ ಮಾತ್ರ. ಕಚೇರಿಯ ಭಾಷೆ ಬಾರದ ರೈತನಿಗೆ ಈ 15 ದಿನಗಳಲ್ಲಿ ಎಷ್ಟು ಉಳಿದೀತು?

ಲೆಕ್ಕದ ಸತ್ಯ

ಒಪ್ಪಿಸಿದ ಲೆಕ್ಕ ಸುಳ್ಳಾಗಿದ್ದರೆ? ಈ ಪ್ರಶ್ನೆಯೂ ನ್ಯಾಯಾಲಯಗಳ ಮುಂದೆ ಬಂದಿದೆ. ಕರ್ನಾಟಕದ ಎಲ್.ಆರ್. ಶಿವರಾಮೇಗೌಡರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಿತಿ ಮೀರದ ಹೊರತು ಲೆಕ್ಕ ಸರಿಯಾಗಿಡದ್ದು ಭ್ರಷ್ಟಾಚರಣೆಯಾಗದು, ಅದನ್ನು ನೋಡಿಕೊಳ್ಳುವ ಅಧಿಕಾರ ಆಯೋಗದ್ದು ಎಂದಿತು. ಮಹಾರಾಷ್ಟ್ರದ ಭೋಕರ ಕ್ಷೇತ್ರದಿಂದ 2009ರಲ್ಲಿ ಗೆದ್ದ ಅಶೋಕ ಚವ್ಹಾಣರ ಪ್ರಕರಣದಲ್ಲಿ ಅದೇ ತೀರ್ಪನ್ನು ಆಧರಿಸಿ, ಲೆಕ್ಕದ ನಿಜ ಸುಳ್ಳನ್ನೂ ಆಯೋಗ ವಿಚಾರಿಸಬಹುದೆಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಜುಲಾಯಿಯಲ್ಲಿ ಆಯೋಗ ಚವ್ಹಾಣರ ವಿರುದ್ಧ ಆದೇಶವಿತ್ತಿತು. ಸಪ್ಟಂಬರದಲ್ಲಿ ದಿಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಚವ್ಹಾಣರಿಗೆ ಶಿಕ್ಷೆಯಾಗಲಿಲ್ಲ, ಆದರೆ ವಿಚಾರಿಸುವ ಅಧಿಕಾರ ಆಯೋಗದಲ್ಲಿ ಉಳಿಯಿತು.

ಆ ಅಧಿಕಾರ ಬರಿಯ ಬಾಯಿಮಾತಲ್ಲ. ಉತ್ತರಪ್ರದೇಶದ ಬಿಸೌಲಿಯ ಶಾಸಕಿ ಉಮಲೇಶ ಯಾದವರನ್ನು ಆಯೋಗ 2011ರಲ್ಲಿ 3 ವರ್ಷ ಅನರ್ಹಗೊಳಿಸಿತು. ಸುದ್ದಿಯ ವೇಷದಲ್ಲಿ ಅಚ್ಚಾದ ಜಾಹೀರಾತಿನ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲವೆಂಬುದೇ ಕಾರಣ. ಪತ್ರಿಕೆಯವರಾದ ನಾವು ಇದನ್ನು ಬರೆಯುವಾಗ ತಲೆ ತಗ್ಗಿಸಲೇಬೇಕು. ಕಾಸು ತೆಗೆದುಕೊಂಡು ಸುದ್ದಿಯೆಂದು ಅಚ್ಚು ಹಾಕುವ ಕೈ ಇಲ್ಲದೆ ಆ ತಪ್ಪು ನಡೆಯುತ್ತಿರಲಿಲ್ಲ.

ಬೇಲಿಯ ಕಂಡಿ

ಈ ಬೇಲಿಗೆ ದೊಡ್ಡ ಕಂಡಿಯೂ ಇದೆ. ಉಮೇದುವಾರನ ಖರ್ಚಿಗೆ ಮಿತಿಯುಂಟು, ಪಕ್ಷದ ಖರ್ಚಿಗೆ ಇಲ್ಲ. ಪಕ್ಷದ ಮಿತ್ರರು ಮಾಡಿದ ಖರ್ಚೂ ಉಮೇದುವಾರನದೇ ಎಂದು 1974ರಲ್ಲಿ ಕನ್ವರಲಾಲ ಗುಪ್ತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇ ತಡ, ಅದೇ ವರ್ಷ ಸರಕಾರ ಕಾಯಿದೆಯನ್ನೇ ತಿದ್ದಿ ಆ ತೀರ್ಪಿನ ಹಲ್ಲು ಕಿತ್ತಿತು. 2003ರ ತಿದ್ದುಪಡಿಯಿಂದ ಕಂಡಿ ಕಿರಿದಾಯಿತು. ಆದರೂ ಪಕ್ಷದ ತಾರಾ ಪ್ರಚಾರಕರ ಓಡಾಟದ ಖರ್ಚು ಇಂದಿಗೂ ಲೆಕ್ಕದ ಹೊರಗೆ. ಪಕ್ಷಗಳಿಗೆ ಯಾರು ಕೊಟ್ಟರೆಂಬುದನ್ನು ಮರೆಮಾಡುತ್ತಿದ್ದ ಚುನಾವಣಾ ಬಾಂಡುಗಳನ್ನು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ರದ್ದುಗೊಳಿಸಿದ್ದು ಒಂದು ಸಮಾಧಾನ. ಕೊಟ್ಟವರು ಯಾರೆಂದು ತಿಳಿಯುವುದು ಮತದಾರನ ಹಕ್ಕೆಂಬುದು ಆ ತೀರ್ಪಿನ ಸಾರ.

ಹಕ್ಕೇನೋ ಉಂಟು. ಆದರೆ ಕಾಯಿದೆ ತಾನಾಗಿ ನಡೆಯುವ ಯಂತ್ರವಲ್ಲ. ಆಯೋಗದ ವೆಚ್ಚ ವೀಕ್ಷಕರು ಚುನಾವಣೆ ಮುಗಿದೊಡನೆ ಊರು ಬಿಡುತ್ತಾರೆ. ಗೋಡೆ ಬರಹ ಎಷ್ಟಿತ್ತು, ಜೀಪು ಎಷ್ಟು ಓಡಿತು, ಊಟದ ಪಂಕ್ತಿ ಎಷ್ಟು ಕೂತಿತೆಂದು ಬಲ್ಲವರು ಊರವರೇ. ಸೊಲ್ಲಾಪುರವು ಜನರಿಗಾಗಿ ಕೆರೆ ಕಟ್ಟಿಸಿದ ಸಿದ್ಧರಾಮನ ಊರು. ಹತ್ತು ಜನರ ಕೆಲಸ ಹತ್ತು ಜನರ ಕಣ್ಣೆದುರು ನಡೆಯಬೇಕೆಂದು ಅಲ್ಲಿನವರಿಗೆ ಹೊಸತಾಗಿ ಹೇಳಬೇಕಿಲ್ಲ.

ಸರಕಾರ ಮಾಡಬಹುದಾದ ಒಂದು ಕೆಲಸವುಂಟು. ಭಾಷಾ ಅಲ್ಪಸಂಖ್ಯಾತರಿರುವ ತಾಲೂಕುಗಳಲ್ಲಿ ಲೆಕ್ಕದ ಸಾರಾಂಶವನ್ನೂ ನೋಟೀಸನ್ನೂ ಅವರ ಭಾಷೆಯಲ್ಲಿಯೂ ಹಚ್ಚಲಿ. ಮತ ಕೇಳಲು ಬಂದ ಭಾಷೆ ಲೆಕ್ಕ ಹೇಳಲು ಏಕೆ ಬಾರದು? ಅದು ಆಗುವವರೆಗೆ ಅಕ್ಕಲಕೋಟೆಯ ಕನ್ನಡಿಗರೂ ಕಾಸರಗೋಡಿನ ನಾವೂ ಮುಂದಿನ ಚುನಾವಣೆ ಮುಗಿದ 30ನೆಯ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಟ್ಟು, ಮರಾಠಿಯನ್ನೋ ಮಲಯಾಳವನ್ನೋ ಬಲ್ಲ ಒಬ್ಬ ಹುಡುಗನನ್ನು ಜತೆಗೆ ಕರೆದುಕೊಂಡು ಕಚೇರಿಗೆ ಹೋಗೋಣ. ಖರ್ಚು ಬರಿಯ ಒಂದು ರೂಪಾಯಿ.